ಜಗಳೂರಿಗೆ ಒಯ್ದ ಗದ್ದೆಯ ಗಾಳಿ

ಅಂದು ನನ್ನ ಹೆಂಡತಿ ಶಾರದಾ ಎಂದಿನಂತೆ ಹೊನ್ನಾಳಿ ಬಳಿಯ ನಮ್ಮ ಭತ್ತದ ಗದ್ದೆಯಲ್ಲಿ ಹಲಗೆಯ ಮೇಲೆ ಕೂತಿದ್ದಳು. ಪೈರಿನ ಮೇಲೆ ಪಾರದರ್ಶಕ ಪೆಟ್ಟಿಗೆ ಕವುಚಿ, ಕೆಸರಿನಿಂದೇಳುವ ಮೀಥೇನ್ ಸೇರಿದ ಗಾಳಿಯನ್ನು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಸಿರಿಂಜಿನಲ್ಲಿ ಎಳೆದು ಗಾಜಿನ ಸೀಸೆಗಳಿಗೆ ತುಂಬುವುದು ಸಂಶೋಧಕರು ಅವಳಿಗೆ ವಹಿಸಿದ್ದ ಕೆಲಸ.

"ರೀ, ಕೆಸರಿಗೆ ಕಾಲಿಡಬ್ಯಾಡ್ರಿ. ಗುಳ್ಳೆ ಎದ್ರೆ ಲೆಕ್ಕ ಕೆಡ್ತೈತೆ," ಎಂದಳು. ಮೇಲಿನಿಂದಲೇ ಮೀಥೇನ್ ಅಳೆಯುವ ಸಂಶೋಧಕರ ವಿಮಾನ ತಲೆಯ ಮೇಲೆ ಹಾರಿಹೋಯಿತು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅವಳು ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಮರುದಿನ ಬೆಳಿಗ್ಗೆ ಎದೆನೋವು ಎಂದವಳು ಆಸ್ಪತ್ರೆ ಮುಟ್ಟಲಿಲ್ಲ.

ತಿಂಗಳ ಕಾರ್ಯ ಮುಗಿದ ಮೇಲೆ ಸಂಶೋಧಕಿ ಸವಿತಾ ಮೇಡಂ ಫೋನ್ ಮಾಡಿದರು. ವಿಮಾನ ಹಾರಿದ ದಿನವೇ ಮೀಥೇನ್ ಅಳೆಯುವ ಉಪಗ್ರಹವೂ ಹಾದುಹೋಗಿತ್ತಂತೆ. ಅಂದು ಶಾರದಾ ತುಂಬಿದ ನೆಲದ ಗಾಳಿ ಮಾತ್ರ ಸಿಕ್ಕಿಲ್ಲವಂತೆ. ಅವರೀಗ ಕುರಿಗಳು ಬಿಡುವ ಮೀಥೇನ್ ಅಳೆಯಲು ಜಗಳೂರಿನ ಕುರಿಹಟ್ಟಿಗಳಲ್ಲಿದ್ದರು. ಅಂದಿನ ನಾಲ್ಕೂ ಸೀಸೆಗಳು ಶಾರದಾಳ ಚೀಲದಲ್ಲೇ ಇದ್ದವು. ಅವನ್ನು ಮುಟ್ಟಿಸಲು ಹೊರಡುವಾಗ ಒಂದನ್ನು ತೆಗೆದು ಜೇಬಿಗೆ ಹಾಕಿಕೊಂಡೆ. ಅವಳು ಕೈಯಾರೆ ತುಂಬಿದ್ದು, ಒಂದಾದರೂ ನನಗಿರಲಿ ಎನ್ನಿಸಿತು.

ದಾವಣಗೆರೆ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. "ಯಜಮಾನ್ರೇ, ಮೊಟ್ಟೆ ಐತೇನ್ರಿ ಅದ್ರಾಗೆ?" ಎಂದ ಕಂಡಕ್ಟರ್.

"ಗಾಳಿ."

"ಗಾಳಿಗೆ ಲಗೇಜ್ ಹಾಕಾಕೆ ಬರಲ್ಲ ಬಿಡ್ರಿ," ಎಂದು ನಕ್ಕು ನನ್ನದೊಂದೇ ಟಿಕೆಟ್ ಹರಿದ. ಶಾರದಾ ಜೊತೆಗಿದ್ದಾಗಲೂ ದುಡ್ಡು ಕೊಡುತ್ತಿದ್ದವನು ನಾನೊಬ್ಬನೇ. ಹೆಂಗಸರಿಗೆ ಬಸ್ಸು ಉಚಿತವೆಂದು ಅಣಕಿಸುತ್ತಿದ್ದಳು.

ದಾವಣಗೆರೆಯಲ್ಲಿ ಮಂಡಕ್ಕಿ ತಿಂದು ಬಸ್ಸು ಬದಲಿಸಿದೆ. ಕಾಲುವೆಯ ಹಸಿರು ಹಿಂದೆ ಬಿದ್ದು ಮೆಕ್ಕೆಜೋಳ, ಶೇಂಗಾ ಹೊಲಗಳು ಬಂದವು. ಬಿಸಿಗಾಳಿ ಮುಖಕ್ಕೆ ಹೊಡೆಯಿತು.

ಜಗಳೂರಿನ ಹಟ್ಟಿಯ ಪಕ್ಕ ಅಳತೆಯ ಯಂತ್ರವಿದ್ದ ವ್ಯಾನ್ ನಿಂತಿತ್ತು. ಮೇಲೆ ಅದೇ ವಿಮಾನ ಸುತ್ತುತ್ತಿತ್ತು. "ನನ್ ಕುರಿ ತೇಗಿದ್ದು ಆಕಾಶಕ್ಕೆ ಗೊತ್ತಾಗ್ತೈತಂತೆ! ಇನ್ನು ಉಂಡು ತೇಗಾಕೂ ಹೆದ್ರಬೇಕು," ಎಂದ ಕುರಿಗಾರ ತಿಮ್ಮಣ್ಣ.

ಮೇಡಂ ಪರದೆ ತೋರಿಸಿದರು. ಉಪಗ್ರಹಕ್ಕೆ ಊರೂರೇ ಸೇರಿ ಒಂದು ಚೌಕವಾಗಿ ಕಾಣುತ್ತಿತ್ತು, ವಿಮಾನಕ್ಕೆ ನಮ್ಮ ಗದ್ದೆ ಬಯಲು, ಶಾರದಾಳ ಪೆಟ್ಟಿಗೆಗೆ ಒಂದು ಮೊಳ ಕೆಸರು. "ಮೇಲಿನವೆರಡೂ ಹೇಳೋದು ಸರಿಯಾ ಅಂತ ನಿಮ್ಮ ಮನೆಯವರ ಪೆಟ್ಟಿಗೇನೇ ಹೇಳಬೇಕು," ಎಂದರು. ಅಷ್ಟು ದೊಡ್ಡ ಆಕಾಶ ಅವಳ ಮೊಳದುದ್ದದ ಕೆಸರಿಗಾಗಿ ಕಾದಿತ್ತು.

ಯಂತ್ರದ ಸೂಜಿ ಒಂದೊಂದೇ ಸೀಸೆಯ ರಬ್ಬರ್ ಮುಚ್ಚಳಕ್ಕೆ ಇಳಿಯಿತು. ಪರದೆಯ ಮೇಲೆ ಒಂದೇ ಗೆರೆಯಲ್ಲಿ, ಒಂದಕ್ಕಿಂತ ಒಂದು ಎತ್ತರದಲ್ಲಿ ಮೂರು ಚುಕ್ಕೆಗಳು ಮೂಡಿದವು.

"ನಾಲ್ಕನೇದು?" ಎಂದರು ಮೇಡಂ.

"ಇಲ್ದಿದ್ರೆ ನಡೆಯಲ್ವೇನ್ರಿ?"

"ನಡೆಯಬಹುದು. ಆದ್ರೆ ನಾಲ್ಕಿದ್ದಷ್ಟು ನಂಬೋಕಾಗಲ್ಲ."

ವಿಮಾನ ಮತ್ತೊಮ್ಮೆ ತಲೆಯ ಮೇಲೆ ಬಂತು. ಜೇಬಿನಿಂದ ಸೀಸೆ ತೆಗೆದು ಕೊಟ್ಟೆ. ನಾಲ್ಕನೆಯ ಚುಕ್ಕೆ ಅದೇ ಗೆರೆಯ ಮೇಲೆ ಬಂದು ಕೂತಿತು. "ಗೆರೆ ಎಲ್ಲೂ ಕೆಟ್ಟಿಲ್ಲ. ಒಂದು ಗುಳ್ಳೇನೂ ಎದ್ದಿಲ್ಲ ನೋಡಿ," ಎಂದರು ಮೇಡಂ. ಖಾಲಿಯಾದ ಸೀಸೆಗಳನ್ನು ಕೈಗಿಟ್ಟರು. ಸಂಜೆಯ ಬಸ್ಸಿಗೆ ಹೊರಟೆ.

ಉಪಗ್ರಹ ಈಗಲೂ ನಮ್ಮ ಗದ್ದೆಯ ಮೇಲೆ ಹಾದುಹೋಗುತ್ತದೆ. ಪೆಟ್ಟಿಗೆ ಇದೆ, ಹಲಗೆಯೂ ಇದೆ. ಶಾರದಾ ಇಲ್ಲ.