ಚಿಕ್ಕಮ್ಮನ ಎಡಗಡೆ

ಆಗೆಲ್ಲ ಅವರೆಕಾಯಿ ಕಾಲ ಬಂತೆಂದರೆ ಯಲಹಂಕದ ನಮ್ಮ ಬೀದಿಗೆ ಬೀದಿಯೇ ಸೊಗಡಿನ ವಾಸನೆ. ಅಜ್ಜಿ ಜಗಲಿಯ ಮೇಲೆ ಗೋಣಿಚೀಲ ಸುರಿದರೆ ನಾವು ಮಕ್ಕಳು ಕಾಯಿ ಬಿಡಿಸಿದ್ದಕ್ಕಿಂತ ಸಿಪ್ಪೆ ಎರಚಾಡಿದ್ದೇ ಹೆಚ್ಚು. ನನಗೆ ಒಂಬತ್ತು ತುಂಬಿದ ಅವರೆಕಾಲದಲ್ಲಿ ಚಿಕ್ಕಮ್ಮ ಒಂದು ಬ್ಯಾಗ್ ಹಿಡಿದು ಚಿಕ್ಕಬಾಣಾವರದ ಗಂಡನ ಮನೆಯಿಂದ ಬಂದಳು.

ಅಜ್ಜಿ ಹೊಲ ಮಾರಿದ್ದಳು. ಆ ದುಡ್ಡಿನಲ್ಲಿ ಅಳಿಯನಿಗೆ ಕಾರು ಬರಲಿಲ್ಲವೆಂದು ಗಂಡನ ಮನೆಯವರಿಗೆ ಸಿಟ್ಟು. ಹೊಡೆಯುತ್ತಾರೆಂದು ಚಿಕ್ಕಮ್ಮ ಫೋನ್ ಮಾಡಿದಾಗಲೆಲ್ಲ ಅಜ್ಜಿಯದು ಒಂದೇ ಮಾತು: "ಒಸಿ ಅನುಸರಿಸ್ಕೊಂಡು ಓಗವ್ವ." ಈ ಸಲವೂ ಅದನ್ನೇ ಅಂದಳು.

ನಾನು ಆಟಕ್ಕೆ ಚಿಕ್ಕಮ್ಮನ ಹಿಂದಿನಿಂದ ಬಂದು ಎಡಗಿವಿಗೆ 'ಕೂ' ಎಂದೆ. ಮೊದಲೆಲ್ಲ ಬೆಚ್ಚುತ್ತಿದ್ದವಳು ತಿರುಗಲೂ ಇಲ್ಲ. ಬಲಗಡೆ ಕೂಗಿದೆ, ಬೆಚ್ಚಿದಳು.

"ಅವ್ರು ಹೊಡ್ದು ಹಿಂಗಾಯ್ತು. ಯಾರ್ಗೂ ಹೇಳ್ಬೇಡ ಕಣೇ," ಎಂದು ನನ್ನ ಕೈಗೆ ಹುರಿದ ಅವರೆಕಾಳು ಹಾಕಿದಳು. ನಾನು ಲಂಚ ತಿಂದು ಸುಮ್ಮನಾದೆ.

ಎಂಟು ದಿನಕ್ಕೆ ಗಂಡನೂ ಅವನ ತಾಯಿಯೂ ಕರೆದೊಯ್ಯಲು ಬಂದರು. ಹಿತಕಿದ ಬೇಳೆ ಸಾರನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡರು. "ಕಾರಿನ್ ವಿಷ್ಯ ಬೇಗ ಮುಗ್ಸಿ," ಎಂದಳು ಆಯಮ್ಮ, ಕೈ ತೊಳೆಯುತ್ತ. ಮಗಳನ್ನು ಕಳಿಸುವಾಗ ತುಂಬುವ ಮಡಿಲಕ್ಕಿಯನ್ನು ಅಜ್ಜಿ ಮೊರದಲ್ಲಿ ತಂದಳು. ಚಿಕ್ಕಮ್ಮನ ಎಡಕ್ಕೆ ನಿಂತು, "ಸೆರಗು ಒಡ್ಡವ್ವ," ಎಂದಳು. ಚಿಕ್ಕಮ್ಮ ಅಲುಗಲಿಲ್ಲ. ಅಜ್ಜಿ ಮತ್ತೆ ಅಂದಳು.

"ಅಜ್ಜಿ, ಚಿಕ್ಕಮ್ಮಂಗೆ ಆ ಕಿವಿ ಕೇಳ್ಸಲ್ಲ. ಇವ್ರೇ ಹೊಡ್ದಿರೋದು," ಎಂದುಬಿಟ್ಟೆ.

ಅಜ್ಜಿ ಮೊರದ ಅಕ್ಕಿಯನ್ನು ವಾಪಸ್ ಡಬ್ಬಕ್ಕೆ ಸುರಿದಳು. "ಇದ್ರಲ್ಲಿ ಅನ್ನ ಮಾಡ್ತೀನಿ. ನನ್ ಮಗ್ಳು ಇಲ್ಲೇ ಉಣ್ತಾಳೆ. ನೀವು ಎದ್ದೇಳಿ."

"ಊರ್ನೋರು ಏನಂತಾರೆ, ಯೋಚ್ನೆ ಮಾಡಿ," ಎಂದಳು ಬೀಗಿತ್ತಿ.

"ಊರ್ನೋರ್ಗೆ ಆಮೇಲೆ ಯೋಳ್ತೀನಿ. ಮೊದ್ಲು ಪೊಲೀಸ್ನೋರ್ಗೆ ಯೋಳ್ತೀನಿ."

ಹೇಳಿದಳು ಕೂಡ. ಅಂದೇ ಮಧ್ಯಾಹ್ನ ಠಾಣೆ, ಅಲ್ಲಿಂದ ಆಸ್ಪತ್ರೆ. ರಾಜಿ ಮಾಡಿಸಲು ಬಂದ ನೆಂಟರಿಗೆಲ್ಲ, "ನನ್ ಮಗ್ಳ ಕಿವಿ ತಂದ್ಕೊಡಿ, ರಾಜಿ ಮಾಡ್ಕೊತೀನಿ," ಎಂದು ಬಾಯಿ ಮುಚ್ಚಿಸಿದಳು. ಕೇಸು ನಾನು ಕಾಲೇಜು ಸೇರುವವರೆಗೂ ಎಳೆಯಿತು. ಕೊನೆಗೆ ತಾಯಿಗೂ ಮಗನಿಗೂ ಜೈಲಾಯಿತು. ನನಗೆ ಇವತ್ತಿಗೂ ಅದರ ಖುಷಿಯಿದೆ, ಮುಚ್ಚಿಡುವುದೇನು ಬಂತು!

ಅಲ್ಲಿಂದಾಚೆ ಅಜ್ಜಿ ಎಲ್ಲಿ ಕೂತರೂ ಚಿಕ್ಕಮ್ಮನ ಎಡಗಡೆಯೇ. "ಅವ್ಳು ಯೋಳ್ದಾಗ ನಾನು ಕೇಳಿಸ್ಕೊಳ್ಳಿಲ್ಲ. ಈ ಕಡೆದು ಇನ್ಮೇಲೆ ನಾನೇ ಕೇಳಿಸ್ಕೊತೀನಿ," ಅನ್ನುತ್ತಿದ್ದಳು.

ಈಗ ಅವರೆಕಾಯಿ ವರ್ಷವಿಡೀ ಸಿಗುತ್ತದೆ, ಆ ಸೊಗಡಿಲ್ಲ. ಜಗಲಿಯಿಲ್ಲ, ಅಜ್ಜಿಯೂ ಇಲ್ಲ. ಚಿಕ್ಕಮ್ಮನ ಕಿವಿ ವಾಪಸ್ ಬರಲಿಲ್ಲ. ರಸ್ತೆ ದಾಟುವಾಗ ಅವಳ ಎಡಗಡೆ ನಾನು ನಡೆಯುತ್ತೇನೆ.