ಕರು ಸೇರಿಕೊಂಡ ಹಾಡು

ಮಕ್ಕಳೇ, ಮೊನ್ನೆ ನೀವೆಲ್ಲ ಫೋನಿನಲ್ಲಿ ನನ್ನ ಹಾಡು ಕೇಳಿ ನಕ್ಕಿರಲ್ಲ, ಅದು ಅಲ್ಲಿಗೆ ಹೇಗೆ ಬಂತೆಂದು ಬರೆದಿಡುತ್ತೇನೆ. ಬಾಯಲ್ಲಿ ಹೇಳುವುದು ನನ್ನಿಂದಾಗದು.

ಶುರುವಾದದ್ದು ಯಲ್ಲಾಪುರದ ನನ್ನ ಅಕ್ಕನಿಂದ. ಅವಳ ಮೊಮ್ಮಗಳಿಗೆ ಎಕ್ಕಂಬಿಯ ಹುಡುಗನೊಂದಿಗೆ ಮದುವೆ ನಿಶ್ಚಯವಾಗಿತ್ತು. ಮದುಮಗಳನ್ನು ಹಸೆಗೆ ಕರೆಯುವಾಗ ನಮ್ಮ ತಾಯಿ ಹಾಡುತ್ತಿದ್ದ ಹಾಡೊಂದಿದೆ. ಅದರ ಕೊನೆಯ ನುಡಿ ಅಕ್ಕನಿಗೆ ಮರೆತುಹೋಗಿತ್ತು. ಅದು ಉಳಿದದ್ದು ನನ್ನೊಬ್ಬಳ ಬಾಯಲ್ಲಿ.

“ಮದ್ವೆ ದಿನ ನೀನೇ ಹಾಡಿಬಿಡೇ” ಎಂದಳು.

“ಆನು ಹಾಡ್ತ್ನಿಲ್ಲೆ.”

“ದನಕ್ಕೆ ಮಾತ್ರ ಹಾಡ್ತ್ಯ?”

ಸುಳ್ಳೇನಲ್ಲ. ಶಾಲೆಯ ಪ್ರಾರ್ಥನೆಗೂ ಬರೀ ತುಟಿ ಆಡಿಸಿದವಳು ನಾನು. ನಿಮ್ಮ ಅಜ್ಜ ಇದ್ದಷ್ಟು ಕಾಲವೂ ನನ್ನ ಹಾಡು ಕೇಳಿದ್ದು ಕೊಟ್ಟಿಗೆಯ ಗೋಡೆಯಾಚೆ ನಿಂತೇ. ಕೆಮ್ಮಿದರೆ ನಾನು ನಿಲ್ಲಿಸುತ್ತೇನೆಂದು ಕೆಮ್ಮನ್ನೂ ತಡೆದುಕೊಳ್ಳುತ್ತಿದ್ದರು.

ಸೊಸೆ ಒಂದು ದಾರಿ ಹುಡುಕಿದಳು. ಹಾಡನ್ನು ರೆಕಾರ್ಡ್ ಮಾಡಿ ಇಂಟರ್‌ನೆಟ್ಟಿನಲ್ಲಿ ನಮ್ಮದೇ ಫೋಲ್ಡರಿನಲ್ಲಿ ಇಡುವುದು, ಅದನ್ನು ತೆರೆಯುವ ಲಿಂಕ್ ಅಕ್ಕನ ಫೋನಿಗೆ ಮಾತ್ರ ಕೊಡುವುದು. ಅವಳು ಕೇಳಬಹುದು, ಬೇರೆಯವರಿಗೆ ತೆರೆಯುವುದಿಲ್ಲ. ನನಗೆ ನಮ್ಮ ಅತ್ತೆಯ ಉಪ್ಪಿನಕಾಯಿ ಭರಣಿ ನೆನಪಾಯಿತು. ಭರಣಿ ಮನೆಯವರೆಲ್ಲರದು, ಕೈ ಹಾಕುವವರು ಅತ್ತೆ ಒಬ್ಬರೇ. ಅಂಥ ವ್ಯವಸ್ಥೆಯಾದರೆ ಆದೀತು ಎಂದು ಒಪ್ಪಿಕೊಂಡೆ.

ಫೋನನ್ನು ಗೋದಲಿಯ ಅಂಚಿಗಿಟ್ಟು, ಹಾಲು ಕರೆಯುತ್ತ ಹಾಡಿದೆ. ಮೂರನೆಯ ನುಡಿಯ ನಡುವೆ ಕರು ಬಂದು ಫೋನನ್ನು ನೆಕ್ಕಿತು. “ಹೇಯ್, ಸರಿ ಅತ್ಲಾಗೆ!” ಎಂದು ಗದರಿ, ಬಿಟ್ಟಲ್ಲಿಂದ ಅದೇ ಶ್ರುತಿಯಲ್ಲಿ ಮುಂದುವರಿಸಿದೆ. ಇನ್ನೊಮ್ಮೆ ಹಾಡಿ ಎಂದು ಸೊಸೆ ಗೋಗರೆದಳು. ಒಮ್ಮೆ ಹಾಡಿದ್ದೇ ನನಗೆ ಹೆಚ್ಚಾಗಿತ್ತು.

ಲಿಂಕ್ ಹೋಯಿತು. ಅಕ್ಕ ತನ್ನ ಫೋನು ಬಿಟ್ಟು ಮನೆಯಲ್ಲಿ ಕೈಗೆ ಸಿಕ್ಕಿದವರ ಫೋನಿಗೆಲ್ಲ ಅದನ್ನು ಕಳಿಸಿ, ಅಲ್ಲಿ ಒತ್ತಿದಳು. ಒತ್ತಿದಾಗಲೆಲ್ಲ ಅನುಮತಿ ಬೇಕೆಂದು ಸೊಸೆಯ ಫೋನು ಕುಂಯ್‌ಗುಟ್ಟುತ್ತಿತ್ತು. ಸೊಸೆಯ ಕೈಯೆಲ್ಲ ಹಲಸಿನ ಹಪ್ಪಳದ ಹಿಟ್ಟು. ಒಂದು ಬೆರಳು ಒರೆಸಿಕೊಂಡು, ಸದ್ಯಕ್ಕೆ ಇರಲಿ ಎಂದು, ಲಿಂಕ್ ಇದ್ದವರು ಯಾರು ಬೇಕಾದರೂ ತೆರೆಯುವ ಹಾಗೆ ಮಾಡಿಬಿಟ್ಟಳು. ಹಪ್ಪಳ ಬಿಸಿಲಿಗೆ ಹೋಯಿತು, ಲಿಂಕಿನ ಸಂಗತಿ ಮರೆತೇಹೋಯಿತು. ಅತ್ತ ಅಕ್ಕನ ಮೊಮ್ಮಗಳು ಅದನ್ನು ಎಕ್ಕಂಬಿಯ ಗಂಡಿನ ಮನೆಗೆ ಕಳಿಸಿದ್ದಳು.

ಸಿರ್ಸಿ ಪೇಟೆಯಲ್ಲಿ ಗಂಡಿನ ಕಡೆಯ ಹೆಂಗಸೊಬ್ಬಳು ನನ್ನ ಕೈ ಹಿಡಿದು ನಿಲ್ಲಿಸಿದಳು.

“ಅತ್ಗೆ, ಹಾಡು ಚೊಲೋ ಇದ್ದು. ಕರು ಎಂತದು, ಹೆಣ್ಣಾ ಗಂಡಾ?”

ಮನೆಗೆ ಬಂದವಳೇ ಸೊಸೆಯ ಹತ್ತಿರ ಹಾಡನ್ನು ಅಳಿಸಿ ಹಾಕಿಸಿದೆ.

“ಈಗ ಎಲ್ಲರದ್ದೂ ಹೋತಾ?”

“ಇಲ್ಲೆ ಅತ್ತೆ. ನಮ್ದು ಹೋತು. ಇಳಿಸ್ಕಂಡವ್ರದ್ದು ಅವ್ರ ಹತ್ರವೇ ಇರ್ತು.”

ಡೇರೆ ಹೂವಿನ ಗಡ್ಡೆ ಹಂಚಿ ಗೊತ್ತಿದ್ದವಳಿಗೆ ಇದು ತಿಳಿಯದ್ದಲ್ಲ. ನಮ್ಮ ಅಂಗಳದ ಗಿಡ ಕಿತ್ತರೆ ಎಕ್ಕಂಬಿಯ ಅಂಗಳದ್ದು ಬಾಡುತ್ತದೆಯೇ?

ತಿಳಿಯದಿದ್ದದ್ದು ಅಕ್ಕನಿಗೆ. ಅವಳು ಹಾಡನ್ನು ಇಳಿಸಿಕೊಂಡಿರಲೇ ಇಲ್ಲ, ದಿನವೂ ಲಿಂಕ್ ಒತ್ತಿ ಕೇಳುತ್ತಿದ್ದಳು. “ಊರಿಗೆಲ್ಲ ಇದ್ದು, ಯಂಗೊಂದು ಇಲ್ಲೆ! ಕೊನೇ ನುಡಿ ಇನ್ನೂ ಬಾಯಿಗೆ ಬಂಜಿಲ್ಲೆ. ಮದ್ವೆ ಕೂಸನ್ನ ಅರ್ಧ ಹಾಡಲ್ಲೇ ಹಸೆಗೆ ಕರ್ಯವಾ?” ಎಂದು ಫೋನಿನಲ್ಲೇ ಅತ್ತಳು. ಎಕ್ಕಂಬಿಯಿಂದ ತರಿಸೋಣ ಎಂದಳು ಸೊಸೆ. ನನ್ನ ಹಾಡನ್ನು ನಾನೇ ಬೇಡುವುದೆಂದರೆ ಇನ್ನಷ್ಟು ನಾಚಿಕೆ. ನೋಡೋಣ, ನೋಡೋಣ ಎನ್ನುತ್ತಲೇ ಮದುವೆ ಬಂತು.

ಅಲ್ಲಿ ಒಂದು ಕಂಬದ ಹಿಂದೆ ಕೂತೆ. ಮದುಮಗಳು ಹಸೆಯತ್ತ ಹೊರಟಳು. ಅಕ್ಕ ಬಾಯಿ ತೆರೆಯುವ ಮೊದಲೇ ಎಕ್ಕಂಬಿಯ ಹುಡುಗಿಯರು ಹಾಡು ಎತ್ತಿಕೊಂಡರು. ಅದೇ ಹಾಡು, ನನ್ನದೇ ಎಳೆತ. ಮೂರನೆಯ ನುಡಿಯಲ್ಲಿ ಎಲ್ಲರೂ ಒಂದೇ ಶ್ರುತಿಯಲ್ಲಿ, “ಹೇಯ್, ಸರಿ ಅತ್ಲಾಗೆ!” ಎಂದರು. ಮದುಮಗಳನ್ನು ಕಿಚಾಯಿಸುವ ಸಾಲೆಂದೇ ಕಲಿತಿದ್ದರಂತೆ. ಮದುಮಗಳು ಬೆಚ್ಚಿ ನಿಜಕ್ಕೂ ಪಕ್ಕಕ್ಕೆ ಸರಿದು ನಿಂತಳು.

ನನಗೆ ತಡೆಯಲಾಗಲಿಲ್ಲ. “ಅದು ಹಾಡಲ್ದೇ! ಕರುವಿಗೆ ಹೇಳಿದ್ದು!” ಎಂದು ಕೂಗಿಬಿಟ್ಟೆ.

ಕಂಬದಿಂದ ಏನೂ ಉಪಯೋಗವಾಗಲಿಲ್ಲ. ಎಲ್ಲರೂ ತಿರುಗಿದರು, ನಕ್ಕರು. ನಗು ಮುಗಿದರೂ ಮದುಮಗಳು ಪಕ್ಕದಲ್ಲೇ ನಿಂತಿದ್ದಳು, ಕರೆಯದೆ ಹಸೆಗೆ ಹೋಗುವ ಹಾಗಿಲ್ಲವಲ್ಲ. ಹುಡುಗಿಯರು ನಾಚಿ ಹಾಡನ್ನೇ ಬಿಟ್ಟಿದ್ದರು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಕರು ತಡೆದಿದ್ದ ಆ ಸಾಲನ್ನು ಸರಿಯಾಗಿ ಹಾಡಿ ತೋರಿಸಿದೆ. ಹಾಡುತ್ತ ಹಾಡುತ್ತ ಕೊನೆಯ ನುಡಿಯೂ ಬಂತು, ಅಕ್ಕ ನನ್ನ ಹಿಂದೆಯೇ ಒಂದೊಂದು ಶಬ್ದ ಹಿಡಿದು ಬಂದಳು. ಮದುಮಗಳು ಹಸೆಯ ಮೇಲೆ ಕೂತಳು. ನಡುವೆ ಯಾರೋ ಕೆಮ್ಮಿದರು. ನಾನು ನಿಲ್ಲಿಸಲಿಲ್ಲ.

ಊಟವಾದ ಮೇಲೆ ಅಕ್ಕ ಸೊಸೆಯ ಮುಂದೆ ತನ್ನ ಫೋನು ಹಿಡಿದಳು. “ಲಿಂಕು ಗಿಂಕು ಬ್ಯಾಡ. ಹಾಡು ಇದ್ರೊಳಗೇ ಇರವು.”

“ಯಾವ್ದು, ಇವತ್ತು ಹಾಡಿದ್ದಾ?”

“ಅದೂ ಇರ್ಲಿ. ಕರು ಇದ್ದಿದ್ದು ಮೊದ್ಲು ಹಾಕು.”

ಅದು ನಮ್ಮ ಹತ್ತಿರ ಎಲ್ಲಿತ್ತು? ಎಕ್ಕಂಬಿಯ ಹುಡುಗಿಯರ ಹತ್ತಿರ ನಾನೇ ಹೋಗಿ ಕೇಳಿದೆ. ನಿಮ್ಮ ಫೋನುಗಳಲ್ಲಿರುವುದು ಅವರು ಕೊಟ್ಟದ್ದು.