ಬೆಲ್ಲ ಸವರಿದ ದೋಣಿ

ಇದನ್ನು ಬರೆಯಬೇಕೆಂದು ಕುಳಿತು ಎಷ್ಟೋ ಸಲ ಎದ್ದು ಹೋಗಿದ್ದೇನೆ. ಹಲ್ಲುನೋವು, ಕಣ್ಣಿನ ಪೊರೆ, ಮನೆಗೆ ಬಂದ ಬೀಗರು... ಏನಾದರೊಂದು ನೆಪ ಸಿಗುತ್ತಿತ್ತು. ಮೊನ್ನೆ ಬೈಲಹೊಂಗಲದ ಮನೆಯಲ್ಲಿ ಮೊಮ್ಮಗಳು ಭವಿಷ್ಯ ಹೇಳುವ ಟ್ಯಾರೋ ಕಾರ್ಡುಗಳನ್ನು ಮಂಚದ ಮೇಲೆ ಹರವಿ, "ಒಂದ ತಗಿ ಅಜ್ಜಾ" ಎಂದಳು.

ನಾನು ತೆಗೆದದ್ದರಲ್ಲಿ ದೋಣಿಯಿತ್ತು. ಕೋಲು ಹಾಕಿ ನಡೆಸುವ ಅಂಬಿಗ. ಅವನ ಮುಂದೆ, ನಮಗೆ ಬೆನ್ನು ಮಾಡಿ, ತಲೆ ತುಂಬ ಹೊದ್ದು ಕುಳಿತ ಒಬ್ಬ ಹೆಂಗಸು. ದೋಣಿಯೊಳಗೆ ಸಾಲಾಗಿ ನೆಟ್ಟ ಕತ್ತಿಗಳು. ಕತ್ತಿಗಳೆಂದರೆ ಅವಳು ಉಂಡ ನೋವು, ಕಿತ್ತರೆ ದೋಣಿಗೆ ನೀರು ನುಗ್ಗುತ್ತದೆ, ಅದಕ್ಕೇ ಹೊತ್ತುಕೊಂಡೇ ಹೋಗುತ್ತಿದ್ದಾಳೆ, ಆಚೆ ಕಡೆ ನೀರು ಶಾಂತವಾಗಿದೆ ನೋಡು ಎಂದು ಮೊಮ್ಮಗಳು ಅರ್ಥ ಬಿಡಿಸಿದಳು. ನನಗೆ ಮಾತ್ರ ಎಲ್ಲಿಂದಲೋ ಬೆಲ್ಲದ ವಾಸನೆ ಬಂತು.

ತೊಂಬತ್ತರ ದಶಕದಲ್ಲಿ ಉಗರಗೋಳದಲ್ಲಿ, ದೇವಿಯ ಗುಡ್ಡಕ್ಕೆ ಹೋಗುವ ದಾರಿಯ ಮೇಲೆ ನನ್ನ ಅಂಗಡಿಯಿತ್ತು. ಕಾಯಿ, ಭಂಡಾರ, ಕೊಬ್ಬರಿ, ಬೆಲ್ಲ ಮಾರುತ್ತಿದ್ದೆ. ಪಕ್ಕದಲ್ಲೇ ಗಿಳಿಶಾಸ್ತ್ರದ ಮುದುಕ ಕೂರುತ್ತಿದ್ದ. ಗಿಳಿ ಪಂಜರದಿಂದ ಹೊರಬಂದು ಒಂದು ಚೀಟಿ ಎಳೆಯುತ್ತಿತ್ತು. ಅದರ ಚಿತ್ರ ನೋಡಿ ಅವನು ಅರ್ಥ ಹೇಳುತ್ತಿದ್ದ.

ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ನಮ್ಮ ಮನೆಯಲ್ಲೇ ಉಳಿದಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ನನ್ನ ಹೆಂಡತಿಗೆ ಉಬ್ಬಸ. ಹೀಗಾಗಿ ನನ್ನ ಮಕ್ಕಳನ್ನು ಉಣಿಸಿ ತಿನಿಸಿ ಬೆಳೆಸಿದವಳು ಅತ್ತಿಗೆಯೇ. ರಾಮದುರ್ಗದಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸಲು ಬಾ ಎಂದು ಅವಳಿಗೆ ಕರೆ ಬಂತು. ಅವಳು ಹೋದರೆ ಮನೆ ನಡೆಯುವುದು ಹೇಗೆಂದು ನನಗೆ ದಿಗಿಲು. ಬಾಯಿಬಿಟ್ಟು ಬೇಡವೆನ್ನುವ ಧೈರ್ಯವೂ ಇರಲಿಲ್ಲ. ಅವಳಿಗೂ ಒಳಗೊಳಗೇ ಅಳುಕು. ಗಿಳಿಯನ್ನು ಕೇಳೋಣ, ಒಳ್ಳೆಯದು ಬಂದರೆ ಹೋಗುತ್ತೇನೆ ಎಂದಳು.

ಮುದುಕ ಚಹಾಕ್ಕೆ ಹೋಗುವಾಗ ಪಂಜರವನ್ನು ನನಗೇ ಒಪ್ಪಿಸುತ್ತಿದ್ದ. ಗಿಳಿಗೆ ಬೆಲ್ಲವೆಂದರೆ ಜೀವವೆಂದು ನನಗೆ ಗೊತ್ತಿತ್ತು. ಅಲೆಗಳ ನಡುವೆ ಖಾಲಿ ದೋಣಿಯಿದ್ದ ಚೀಟಿ ಹುಡುಕಿ, ಅಂಚಿಗೆ ಬೆಲ್ಲ ಸವರಿಟ್ಟೆ. ಅದಕ್ಕಿಂತ ಅಪಶಕುನದ ಚಿತ್ರ ನನಗೆ ತೋಚಲಿಲ್ಲ.

ಅತ್ತಿಗೆ ಬಂದು ಮುದುಕನ ಮುಂದೆ ಕೂತಾಗ ಗಿಳಿ ಅದನ್ನೇ ಎಳೆಯಿತು. ಚೀಟಿ ಮುದುಕನ ಬೆರಳಿಗೆ ಅಂಟಿತು. ಅವನು ನನ್ನತ್ತ ಒಮ್ಮೆ ನೋಡಿ, ಅತ್ತಿಗೆಗೆ ಹೇಳಿದ: "ದಂಡಿಗೆ ಕಟ್ಟಿದ ಹಗ್ಗ ಬಿಚ್ಚೈತಿ ನೋಡ ತಂಗಿ. ಇದು ಹೋಗೂ ದೋಣಿ. ಹೋಗವಾ, ಚಲೋ ಆಗತೈತಿ."

ಅತ್ತಿಗೆಯ ಮುಖ ಅರಳಿತು. ಅಣ್ಣ ಹೋದ ಮೇಲೆ ನಾನು ಕಂಡಿರದ ಮುಖ... ಅದನ್ನು ನೋಡಿಯೂ ನಾನು ಸುಮ್ಮನಿರಲಿಲ್ಲ.

"ನಡಸಾಕ ಅಂಬಿಗ ಎಲ್ಲದಾನ ಇದರಾಗ? ಗಂಡಸಿಲ್ಲದ ದೋಣಿ ಯಾವ ದಂಡಿ ಮುಟ್ಟತೈತಿ?" ಎಂದೆ.

ಮುದುಕ ಚೀಟಿಯನ್ನು ಧೋತರಕ್ಕೆ ಒರೆಸಿಕೊಂಡ. ಅತ್ತಿಗೆ ಸೆರಗು ಸರಿಪಡಿಸಿಕೊಂಡು, "ನಡಿ ತಮ್ಮಾ, ಹುಡುಗೂರು ಸಾಲಿಂದ ಬರೂ ಹೊತ್ತಾತು" ಎಂದಳು.

ಅವಳು ಹೋಗಲಿಲ್ಲ. ಮನೆಯಲ್ಲೇ ಊರವರ ಕುಪ್ಪಸ ಹೊಲಿದಳು. ರಾಮದುರ್ಗದ ಬಸ್ಸು ಹಾರ್ನ್ ಹೊಡೆದಾಗ ಮಾತ್ರ ಮಷೀನಿನ ಸದ್ದು ಒಂದು ಗಳಿಗೆ ನಿಲ್ಲುತ್ತಿತ್ತು. ಎಷ್ಟೋ ವರ್ಷಗಳ ನಂತರ, ಹೋಳಿಗೆಯ ಹೂರಣ ರುಬ್ಬುತ್ತ, ಬೆರಳು ನೆಕ್ಕಿ ನಕ್ಕಳು: "ನಿನ್ನ ಅಂಗಡಿ ಬೆಲ್ಲ ಆ ಗಿಳಿಗೂ ಭಾಳ ಸೇರತಿತ್ತಲ್ಲ, ತಮ್ಮಾ."

ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ತಾಟಿಗೆ ಬಿಸಿ ಹೋಳಿಗೆ ಹಾಕಿದಳು. ಆಗಲಾದರೂ ಹೇಳಬಹುದಿತ್ತು... ತುಪ್ಪ ಕೇಳಿದೆ. ಮರುವರ್ಷ ಅವಳು ಬದುಕಿರಲಿಲ್ಲ.

ಮೊಮ್ಮಗಳು ಕಾರ್ಡು ವಾಪಸು ಕೇಳಿದಳು. ನನ್ನ ಬೆರಳು ಬಿಡಲಿಲ್ಲ. "ಆಕಿ ಮಾರಿನ ಕಾಣವಲ್ದು, ಯಾರ್ನ ಅಷ್ಟ ನೋಡಾಕತ್ತಿ ಅಜ್ಜಾ?" ಎಂದಳು.

"ನಿಮ್ಮಪ್ಪನ್ನ ಬೆಳಸಿದಾಕಿನ್ನ" ಎಂದೆ.

ತಪ್ಪಾಯಿತು ಎಂಬ ಒಂದು ಮಾತನ್ನು ನಾನು ಹೇಳದೇ ಉಳಿಸಿಕೊಂಡದ್ದು ಅವಳಿಗೆ. ನನ್ನ ಅತ್ತಿಗೆಗೆ.